ಹೊಸ ಋತುವಿಗೆ ಮುನ್ನ ಒಂದು ಅಂದಾಜು



ಕ್ರೀಡೆಯನ್ನು ಕುರಿತು ನಾಲ್ಕು ಮಾತು ಆಡಬೇಕೆಂದು ನನಗೆ ಹೇಳಿದ್ದೀರಿ. ನಾನು ಭಾಷೆ ಕಲಿಸುವ ಶಿಕ್ಷಕ, ಆಟಗಾರನಲ್ಲ. ಆದ್ದರಿಂದ ಒಂದು ಶಬ್ದದಿಂದಲೇ ಪ್ರಾರಂಭಿಸುತ್ತೇನೆ. ಕನ್ನಡದಲ್ಲಿ ನಾವು ದಿನವೂ ಬಳಸುವ 'ಅಂದಾಜು' ಎಂಬ ಪದ ಪಾರಸಿ ಮೂಲದ್ದು. ಉರ್ದುವಿನಲ್ಲಿ ಅದಕ್ಕೆ ಎರಡು ರೂಪಗಳಿವೆ. 'ಅಂದಾಜಾ' ಎಂದರೆ ಲೆಕ್ಕ, ಎಣಿಕೆ. 'ಅಂದಾಜ್' ಎಂದರೆ ರೀತಿ, ಶೈಲಿ. ಕನ್ನಡಕ್ಕೆ ಬರುವಾಗ ಲೆಕ್ಕ ಉಳಿಯಿತು, ರೀತಿ ಬಿಟ್ಟುಹೋಯಿತು. ಯಾರನ್ನಾದರೂ ಅಳೆಯುವಾಗಲೂ ನಾವು ಇದೇ ತಪ್ಪು ಮಾಡುತ್ತೇವೆ. ಇದಕ್ಕೆ ಅಮೆರಿಕದ ಒಂದು ಕಾಲೇಜು ಫುಟ್‌ಬಾಲ್ ತಂಡದ ಉದಾಹರಣೆ ಕೊಡುತ್ತೇನೆ.

ಅಮೆರಿಕದ ಫುಟ್‌ಬಾಲ್ ಎಂದರೆ ನಾವು ಆಡುವ ಕಾಲ್ಚೆಂಡಲ್ಲ. ಅಲ್ಲಿ ಚೆಂಡನ್ನು ಕೈಯಲ್ಲಿ ಹಿಡಿದು ಓಡುತ್ತಾರೆ, ಎಸೆಯುತ್ತಾರೆ. ಒಂದೊಂದು ತಂಡಕ್ಕೂ ಆಕ್ರಮಣಕ್ಕೆ ಹನ್ನೊಂದು ಮಂದಿಯ ಒಂದು ದಳ, ರಕ್ಷಣೆಗೆ ಇನ್ನೊಂದು ದಳ. ಆಕ್ರಮಣ ದಳ ನಾಲ್ಕು ಪ್ರಯತ್ನಗಳಲ್ಲಿ ಹತ್ತು ಗಜ ಮುಂದೆ ಹೋಗಬೇಕು. ಹೋದರೆ ಮತ್ತೆ ನಾಲ್ಕು ಪ್ರಯತ್ನ, ಇಲ್ಲದಿದ್ದರೆ ಚೆಂಡು ಎದುರಾಳಿಗೆ. ಚೆಂಡನ್ನು ಕೊನೆಯ ಗೆರೆ ದಾಟಿಸಿದರೆ ಅದು ಟಚ್‌ಡೌನ್, ಆರು ಅಂಕ. ದಳದ ನಾಯಕ ಕ್ವಾರ್ಟರ್‌ಬ್ಯಾಕ್. ಅವನ ಮುಂದೆ ಗೋಡೆಯಂತೆ ಐದು ಮಂದಿ ನಿಲ್ಲುತ್ತಾರೆ. ಅವರು ತಡೆದುಕೊಡುವ ಎರಡು ಮೂರು ಸೆಕೆಂಡುಗಳಲ್ಲಿ ಚೆಂಡನ್ನು ಯಾರಿಗೆ ಎಸೆಯಬೇಕು, ಯಾರ ಕೈಗೆ ಕೊಡಬೇಕು ಎಂದು ಅವನು ತೀರ್ಮಾನಿಸಬೇಕು.

ಆಡುವವರು ವಿದ್ಯಾರ್ಥಿಗಳಾದ್ದರಿಂದ ಪ್ರತಿ ವರ್ಷ ಕೆಲವರು ಹೋಗುತ್ತಾರೆ, ಕೆಲವರು ಬರುತ್ತಾರೆ, ನಮ್ಮ ತರಗತಿಯ ಹಾಗೆಯೇ. ಆಗಸ್ಟ್ ಕೊನೆಯಲ್ಲಿ ಹೊಸ ಋತು ಆರಂಭವಾಗುವ ಮುಂಚೆ ಈ ಸಲ ನಮ್ಮ ತಂಡ ಹೇಗೆ ಎಂದು ಊರಿಗೆ ಊರೇ ಲೆಕ್ಕ ಹಾಕುತ್ತದೆ. ಅಸೋಸಿಯೇಟೆಡ್ ಪ್ರೆಸ್ ಸುದ್ದಿ ಸಂಸ್ಥೆ ಕ್ರೀಡಾ ಪತ್ರಕರ್ತರ ಮತ ಪಡೆದು ಇಪ್ಪತ್ತೈದು ತಂಡಗಳ ಪಟ್ಟಿಯನ್ನು ಪ್ರಕಟಿಸುತ್ತದೆ.

2019ರ ಆಗಸ್ಟ್ ತಿಂಗಳಿಗೆ ಹೋಗೋಣ. ಲೂಸಿಯಾನ ರಾಜ್ಯದ ಬ್ಯಾಟನ್ ರೂಜ್ ಪಟ್ಟಣದಲ್ಲಿ ಲೂಸಿಯಾನ ಸ್ಟೇಟ್ ಯೂನಿವರ್ಸಿಟಿ ಇದೆ. ಎಲ್ಲರೂ ಅದನ್ನು ಎಲ್.ಎಸ್.ಯು. ಎನ್ನುತ್ತಾರೆ. ಅದರ ಕ್ರೀಡಾಂಗಣದಲ್ಲಿ ಲಕ್ಷಕ್ಕಿಂತ ಹೆಚ್ಚು ಜನ ಕೂರಬಹುದು. ಆ ವರ್ಷದ ಪಟ್ಟಿಯಲ್ಲಿ ಈ ತಂಡಕ್ಕೆ ಆರನೆಯ ಸ್ಥಾನ ಸಿಕ್ಕಿತ್ತು. ಅದರ ರಕ್ಷಣಾ ದಳದ ಮೇಲೆ ಜನರಿಗೆ ನಂಬಿಕೆಯಿತ್ತು. ಸಂಶಯವಿದ್ದದ್ದು ಆಕ್ರಮಣ ದಳದ ಮೇಲೆ. ಹಿಂದಿನ ವರ್ಷ ಅಲಬಾಮಾ ತಂಡದ ಎದುರು, ಅದೂ ತನ್ನ ಸ್ವಂತ ಮೈದಾನದಲ್ಲಿ, ಒಂದೇ ಒಂದು ಅಂಕ ಗಳಿಸಲಾಗದೆ 29-0ಯಿಂದ ಸೋತಿತ್ತು.

ಈಗ ನೀವೇ ಅಂದಾಜು ಮಾಡುವವರು ಎಂದುಕೊಳ್ಳಿ. ನಿಮ್ಮ ಮುಂದೆ ಜಮಾ-ಖರ್ಚಿನ ಪುಸ್ತಕವಿದೆ. ಏನೇನು ನೋಡುತ್ತೀರಿ?

ಮೊದಲನೆಯದು ಕ್ವಾರ್ಟರ್‌ಬ್ಯಾಕ್. ಹೆಸರು ಜೋ ಬರೋ. ಒಹಾಯೊ ಸ್ಟೇಟ್ ಎಂಬ ದೊಡ್ಡ ವಿಶ್ವವಿದ್ಯಾಲಯದಲ್ಲಿ ಮೂರು ವರ್ಷ ಹೆಚ್ಚಾಗಿ ಬೆಂಚಿನ ಮೇಲೆ ಕುಳಿತವನು. ಅಲ್ಲಿ ಆಡಲು ಅವಕಾಶ ಸಿಗದೆ ಪದವಿ ಮುಗಿಸಿ 2018ರಲ್ಲಿ ಎಲ್.ಎಸ್.ಯು.ಗೆ ಬಂದ. ಆ ವರ್ಷ ಅವನ ಎಸೆತಗಳಲ್ಲಿ ಗುರಿ ಮುಟ್ಟಿದ್ದು ನೂರಕ್ಕೆ 57.8, ಟಚ್‌ಡೌನ್ ಎಸೆತಗಳು 16. ಸಾಧಾರಣ ಅಂಕಪಟ್ಟಿ. ಲೆಕ್ಕ ಮಾತ್ರ ನೋಡುವವನು ಇಲ್ಲಿಗೆ ಪುಸ್ತಕ ಮುಚ್ಚುತ್ತಾನೆ. ಆದರೆ ಇನ್ನೊಂದು ಪುಟ ತಿರುವಿ. ಆ ಋತುವಿನ ಕೊನೆಯ ಪಂದ್ಯ 2019ರ ಜನವರಿ 1ರಂದು ನಡೆಯಿತು. ಅದರಲ್ಲಿ ಅವನು 394 ಗಜ ಎಸೆದು, ನಾಲ್ಕು ಟಚ್‌ಡೌನ್ ಕೊಟ್ಟು ತಂಡವನ್ನು ಗೆಲ್ಲಿಸಿದ. ಇಡೀ ವರ್ಷದ ಸರಾಸರಿ ಒಂದು ಮಾತು ಹೇಳುತ್ತದೆ, ವರ್ಷದ ಕೊನೆ ಇನ್ನೊಂದು ಮಾತು ಹೇಳುತ್ತದೆ. ಹೊಸ ಊರು, ಹೊಸ ಗೆಳೆಯರು, ಹೊಸ ಪಾಠ. ಅವನು ಕಲಿಯಲು ಸಮಯ ಹಿಡಿಯಿತು ಅಷ್ಟೆ.

ಎರಡನೆಯದು ಚೆಂಡು ಹಿಡಿಯುವವರು. ಜಸ್ಟಿನ್ ಜೆಫರ್ಸನ್ 2018ರಲ್ಲಿ 54 ಎಸೆತಗಳನ್ನು ಹಿಡಿದಿದ್ದ. ಜಮಾರ್ ಚೇಸ್ ಎಂಬ ಮೊದಲ ವರ್ಷದ ಹುಡುಗ ಹಿಡಿದದ್ದು 23 ಮಾತ್ರ. ಇಬ್ಬರೂ ತಂಡದಲ್ಲೇ ಉಳಿದಿದ್ದರು. ಎಸೆಯುವವನಿಗೂ ಹಿಡಿಯುವವರಿಗೂ ಒಂದು ವರ್ಷದ ಒಡನಾಟವಾಗಿತ್ತು. ಇದು ಜಮಾ.

ಮೂರನೆಯದು ಓಟಗಾರ. ಸಾವಿರಕ್ಕೂ ಹೆಚ್ಚು ಗಜ ಓಡಿದ್ದ ನಿಕ್ ಬ್ರಾಸೆಟ್ ಹೋಗಿಬಿಟ್ಟಿದ್ದ. ಇದು ಖರ್ಚು. ಅವನ ಜಾಗಕ್ಕೆ ಕ್ಲೈಡ್ ಎಡ್ವರ್ಡ್ಸ್-ಹೆಲೇರ್ ಎಂಬ ಕುಳ್ಳಗಿನ ಹುಡುಗ ಬರಬೇಕಿತ್ತು. ಅವನ ಹಿಂದಿನ ವರ್ಷದ ಲೆಕ್ಕ 658 ಗಜ.

ನಾಲ್ಕನೆಯದು ಮುಂದೆ ನಿಲ್ಲುವ ಐವರ ಗೋಡೆ. ಪತ್ರಿಕೆಗಳಲ್ಲಿ ಇವರ ಹೆಸರು ಬರುವುದು ಅಪರೂಪ. ಆದರೆ ಇವರು ಕುಸಿದರೆ ಹಿಂದಿರುವವನು ಎಷ್ಟೇ ಜಾಣನಾದರೂ ಪ್ರಯೋಜನವಿಲ್ಲ. ಹಿಂದಿನ ವರ್ಷ ಆಡಿ ಪೆಟ್ಟು ತಿಂದು ಕಲಿತವರು ಇಲ್ಲಿಯೂ ಉಳಿದಿದ್ದರು.

ಐದನೆಯದು, ನನ್ನ ಪ್ರಕಾರ ಎಲ್ಲಕ್ಕಿಂತ ಮುಖ್ಯವಾದದ್ದು, ಕಲಿಸುವ ರೀತಿ. ಮುಖ್ಯ ತರಬೇತುದಾರ ಎಡ್ ಓರ್ಜೆರಾನ್ ಆ ವರ್ಷ ಒಂದು ಕೆಲಸ ಮಾಡಿದರು. ಪಕ್ಕದ ನ್ಯೂ ಓರ್ಲಿಯನ್ಸ್‌ನ ವೃತ್ತಿಪರ ತಂಡದಲ್ಲಿ ಸಹಾಯಕನಾಗಿದ್ದ ಜೋ ಬ್ರೇಡಿ ಎಂಬ 29 ವರ್ಷದ ತರುಣನನ್ನು ಕರೆತಂದರು. ಆಕ್ರಮಣ ದಳದ ಹಿರಿಯ ಗುರು ಸ್ಟೀವ್ ಎನ್ಸ್‌ಮಿಂಗರ್ ತಮಗಿಂತ ತೀರಾ ಕಿರಿಯನಾದವನ ಜೊತೆ ಕುಳಿತು ಹೊಸ ಪಾಠ ಸಿದ್ಧಪಡಿಸಿದರು. ಮೊದಲೆಲ್ಲ ಆ ತಂಡದ್ದು ಗುಂಪಾಗಿ ನುಗ್ಗುವ ಆಟ. ಹೊಸ ರೀತಿಯಲ್ಲಿ ಆಟಗಾರರು ಮೈದಾನದ ಉದ್ದಗಲಕ್ಕೆ ಹರಡಿಕೊಳ್ಳಬೇಕು. ಓಟಗಾರನೂ ಚೆಂಡು ಹಿಡಿಯಲು ಓಡಬೇಕು. ಆಗ ಎದುರಾಳಿಗಳೂ ಹರಡಿಕೊಳ್ಳಲೇಬೇಕಾಗುತ್ತದೆ, ಎಲ್ಲೋ ಒಂದು ಕಡೆ ಜಾಗ ಖಾಲಿ ಬೀಳುತ್ತದೆ. ಅದನ್ನು ಕಂಡುಹಿಡಿಯುವ ಕಣ್ಣು, ಬೇಗ ತೀರ್ಮಾನಿಸುವ ಬುದ್ಧಿ ಬರೋ ಎಂಬ ಹುಡುಗನಲ್ಲಿ ಇತ್ತು. ಹಳೆಯ ರೀತಿಯಲ್ಲಿ ಅದು ಅಷ್ಟಾಗಿ ಕಾಣುತ್ತಿರಲಿಲ್ಲ.

ಮುಂದೆ ಏನಾಯಿತು? ಎರಡನೆಯ ಪಂದ್ಯದಲ್ಲಿಯೇ ಪರೀಕ್ಷೆ ಬಂತು. ಟೆಕ್ಸಾಸ್ ತಂಡದ ಊರಿನಲ್ಲಿ, ಕೊನೆಯ ಕೆಲವು ನಿಮಿಷಗಳಲ್ಲಿ, ಮೂರನೆಯ ಪ್ರಯತ್ನಕ್ಕೆ ಇನ್ನೂ 17 ಗಜ ಬೇಕಾಗಿತ್ತು. ಹಳೆಯ ಎಲ್.ಎಸ್.ಯು. ಆಗಿದ್ದರೆ ಚೆಂಡನ್ನು ಕೈಯಲ್ಲಿ ಹಿಡಿದು ನುಗ್ಗಿ ಸಮಯ ಕಳೆಯುತ್ತಿತ್ತೇನೋ. ಬರೋ ಎಸೆದ, ಜೆಫರ್ಸನ್ ಹಿಡಿದು 61 ಗಜಗಳ ಟಚ್‌ಡೌನ್ ಮಾಡಿದ. ಪಂದ್ಯ 45-38ರಲ್ಲಿ ಗೆದ್ದರು. ಹಿಂದಿನ ವರ್ಷ ಸೊನ್ನೆ ಕೊಟ್ಟಿದ್ದ ಅಲಬಾಮಾ ತಂಡವನ್ನು ಅದರ ಮೈದಾನದಲ್ಲೇ 46-41ರಿಂದ ಸೋಲಿಸಿದರು. ಹದಿನೈದು ಪಂದ್ಯ ಆಡಿ ಹದಿನೈದನ್ನೂ ಗೆದ್ದರು. 2020ರ ಜನವರಿ 13ರಂದು ಕ್ಲೆಮ್ಸನ್ ತಂಡವನ್ನು 42-25ರಲ್ಲಿ ಮಣಿಸಿ ರಾಷ್ಟ್ರೀಯ ಚಾಂಪಿಯನ್ ಆದರು. ಒಂದು ಋತುವಿನಲ್ಲಿ 726 ಅಂಕ. ಬರೋ ಎಸೆತಗಳು ಗುರಿ ಮುಟ್ಟಿದ್ದು ನೂರಕ್ಕೆ 76.3, ಟಚ್‌ಡೌನ್ 60. ಆ ವರ್ಷದ ಶ್ರೇಷ್ಠ ಆಟಗಾರನಿಗೆ ಕೊಡುವ ಹೈಸ್‌ಮನ್ ಟ್ರೋಫಿ ಅವನಿಗೇ ಬಂತು. ಆ ಐವರ ಗೋಡೆಗೂ ಶ್ರೇಷ್ಠ ಮುಂಚೂಣಿಗೆ ಕೊಡುವ ಜೋ ಮೂರ್ ಪ್ರಶಸ್ತಿ ಸಿಕ್ಕಿತು. ಕುಳ್ಳಗಿನ ಓಟಗಾರ 1,414 ಗಜ ಓಡಿದ.

ಫಲಿತಾಂಶ ಗೊತ್ತಾದ ಮೇಲೆ ಬುದ್ಧಿ ಹೇಳುವುದು ಸುಲಭ ಎಂದು ನೀವು ಅನ್ನಬಹುದು. ನಿಜ. 60 ಟಚ್‌ಡೌನ್ ಬರುತ್ತದೆಂದು ಆಗಸ್ಟ್‌ನಲ್ಲಿ ಯಾರೂ ಹೇಳಲು ಸಾಧ್ಯವಿರಲಿಲ್ಲ. ಆದರೆ ದಾರಿ ಯಾವ ಕಡೆ ತಿರುಗಿದೆ ಎಂಬುದಕ್ಕೆ ಗುರುತುಗಳು ಇದ್ದವು. ನನ್ನ ಮಾತು ಒಪ್ಪಲು ಕಷ್ಟವಾದರೆ ಮರುವರ್ಷವನ್ನು ನೋಡಿ.

2020ರ ಆಗಸ್ಟ್‌ನಲ್ಲಿ ಅದೇ ಪಟ್ಟಿ ಪ್ರಕಟವಾಯಿತು. ಎಲ್.ಎಸ್.ಯು.ಗೆ ಸಿಕ್ಕಿದ್ದು ಅದೇ ಆರನೆಯ ಸ್ಥಾನ! ಆದರೆ ಪುಸ್ತಕದಲ್ಲಿ ಬಾಕಿ ಏನಿತ್ತು? ಬರೋ ವೃತ್ತಿಪರ ಆಟಕ್ಕೆ ಮೊದಲ ಆಯ್ಕೆಯಾಗಿ ಹೋಗಿದ್ದ. ಜೆಫರ್ಸನ್ ಹೋಗಿದ್ದ, ಎಡ್ವರ್ಡ್ಸ್-ಹೆಲೇರ್ ಹೋಗಿದ್ದ. ಗೋಡೆಯಲ್ಲಿ ಹೆಚ್ಚಿನವರು ಹೋಗಿದ್ದರು. ಒಟ್ಟು 14 ಆಟಗಾರರನ್ನು ವೃತ್ತಿಪರ ತಂಡಗಳು ಆರಿಸಿಕೊಂಡಿದ್ದವು. ಜೋ ಬ್ರೇಡಿ ಕೂಡ ವೃತ್ತಿಪರ ತಂಡಕ್ಕೆ ಮರಳಿದ್ದರು. ಪಟ್ಟಿ ಬಂದ ಮೇಲೆ, ಕೋವಿಡ್ ಕಾಲದ ಆ ಋತುವಿನಲ್ಲಿ ಆಡುವುದಿಲ್ಲವೆಂದು ಚೇಸ್ ಹಿಂದೆ ಸರಿದ. ಮೊದಲ ಪಂದ್ಯದಲ್ಲೇ ಮಿಸಿಸಿಪಿ ಸ್ಟೇಟ್ ತಂಡದ ಎದುರು 44-34ರಲ್ಲಿ ಸೋಲು. ಹೊಸ ಕ್ವಾರ್ಟರ್‌ಬ್ಯಾಕ್ ಮೂರು ಪಂದ್ಯಗಳ ನಂತರ ಗಾಯಗೊಂಡು ಹೊರಗುಳಿದ. ರಕ್ಷಣಾ ದಳವೂ ಕೈಕೊಟ್ಟಿತು. ಕೊನೆಗೆ ಐದು ಗೆಲುವು, ಐದು ಸೋಲು. ಗಾಯವನ್ನೂ ರೋಗವನ್ನೂ ಮೊದಲೇ ಹೇಳಲಾಗದು, ಒಪ್ಪುತ್ತೇನೆ. ಆದರೆ ಹೋದವರ ಲೆಕ್ಕ ಎಲ್ಲರ ಕಣ್ಣ ಮುಂದೆಯೇ ಇತ್ತು.

ಎರಡೂ ವರ್ಷ ಸ್ಥಾನ ಒಂದೇ, ಆರು. ಒಂದು ವರ್ಷ ಅದು ಕಡಿಮೆಯಾಯಿತು, ಇನ್ನೊಂದು ವರ್ಷ ಹೆಚ್ಚಾಯಿತು. ಏಕೆಂದರೆ ಅಳೆದವರು ಹೆಚ್ಚಾಗಿ ಹಿಂದಿನ ವರ್ಷವನ್ನೇ ಅಳೆದರು.

ವಿದ್ಯಾರ್ಥಿಗಳೆ, ಜೂನ್ ತಿಂಗಳಲ್ಲಿ ನಾವು ಶಿಕ್ಷಕರು ಹಾಜರಿ ಪುಸ್ತಕ ತೆರೆದಾಗ ನಿಮ್ಮ ಹಿಂದಿನ ಅಂಕಪಟ್ಟಿ ನೋಡಿ ಇವನು ಇಷ್ಟೆ ಎಂದು ಮನಸ್ಸಿನಲ್ಲೇ ಬರೆದುಬಿಡುತ್ತೇವೆ. ಇದರಲ್ಲಿ ನಾನೂ ತಪ್ಪಿತಸ್ಥ. 57.8 ಪಡೆದವನನ್ನು ಅಲ್ಲಿಗೇ ನಿಲ್ಲಿಸಬೇಡಿ ಎಂದು ಇಂದು ನನಗೇ ಹೇಳಿಕೊಳ್ಳುತ್ತಿದ್ದೇನೆ. ಸಂಘದ ಹಿರಿಯರಲ್ಲಿಯೂ ಒಂದು ವಿನಂತಿ. ವಿದ್ಯಾರ್ಥಿವೇತನದ ಅರ್ಜಿ ನೋಡುವಾಗ ಒಟ್ಟು ಅಂಕದ ಜೊತೆಗೆ ವರ್ಷದ ಕೊನೆಯ ಪರೀಕ್ಷೆಯನ್ನೂ ನೋಡಿ, ಆ ಮಗುವಿಗೆ ಕಲಿಸುವವರು ಯಾರಿದ್ದರು ಎಂದೂ ಕೇಳಿ. ಇನ್ನು ಮೊದಲ ಸ್ಥಾನದಲ್ಲಿರುವ ಮಕ್ಕಳೆ, 2020ರ ತಂಡವನ್ನು ನೆನಪಿಡಿ. ಕಳೆದ ವರ್ಷದ ಗೆಲುವು ಈ ವರ್ಷದ ಪಂದ್ಯ ಆಡುವುದಿಲ್ಲ.

ಅಂದಾಜು ಮಾಡೋಣ, ಬೇಡವೆನ್ನುವುದಿಲ್ಲ. ಆದರೆ ಅಂದಾಜಾ ಜೊತೆಗೆ ಅಂದಾಜ್ ಕೂಡ ನೋಡೋಣ.