ಹಕ್ಕಿಯ ಪಾಲಿನ ಹೂವು



ಇಂದು ಈ ಗೋಷ್ಠಿಗೆ ಬರುವ ಮುನ್ನ ಹಲಸೂರಿನ ಭಕ್ತರೊಬ್ಬರು ನಮ್ಮ ಮುಂದೆ ಒಂದು ಪ್ರಶ್ನೆ ಇಟ್ಟರು. ಅವರ ಮಗ ಅಮೆರಿಕದಲ್ಲಿದ್ದಾನೆ. ಅಲ್ಲಿ ಹಿತ್ತಲಲ್ಲಿ ಒಂದು ಬಾಟಲಿಗೆ ಸಕ್ಕರೆ ನೀರು ತುಂಬಿ ತೂಗುಹಾಕುತ್ತಾರಂತೆ. ಹೆಬ್ಬೆರಳಿನಷ್ಟು ಗಾತ್ರದ ಹಕ್ಕಿಯೊಂದು ಬಂದು, ಗಾಳಿಯಲ್ಲೇ ನಿಂತು ಅದನ್ನು ಹೀರುತ್ತದಂತೆ. ಹಮ್ಮಿಂಗ್‌ಬರ್ಡ್ ಎಂದು ಅದರ ಹೆಸರು. "ಬುದ್ಧೀ, ಆ ಹಕ್ಕಿ ನಮ್ಮ ಮನೆಗೂ ಬರುವ ಹಾಗೆ ತೋಟ ಮಾಡಬಹುದೇ?" ಎಂದು ಕೇಳಿದರು. ಪ್ರಶ್ನೆ ಸಣ್ಣದೆಂದು ನಮಗೆ ತೋರಲಿಲ್ಲ. ಆದಕಾರಣ ಇಂದಿನ ಮಾತನ್ನು ಅದರಿಂದಲೇ ಆರಂಭಿಸುತ್ತೇವೆ.

ಆ ಹಕ್ಕಿ ನಮ್ಮ ಕಡೆಗೆ ಬರುವುದಿಲ್ಲ. ಅದರಲ್ಲಿ 300ಕ್ಕೂ ಹೆಚ್ಚು ಬಗೆಗಳುಂಟು, ಎಲ್ಲವೂ ಅಮೆರಿಕ ಖಂಡಗಳಲ್ಲೇ ವಾಸ. ಆದರೆ ನಿರಾಶರಾಗಬೇಕಿಲ್ಲ. ಅದು ಮಾಡುವ ಕೆಲಸವನ್ನೇ ಮಾಡುವ ಹಕ್ಕಿ ನಿಮ್ಮ ಮನೆಯ ಬಾಗಿಲಲ್ಲೇ ಇದೆ. ಅದೇ ಸೂರಕ್ಕಿ. ನಾಲ್ಕು ಅಂಗುಲ ಉದ್ದ, ಏಳೆಂಟು ಗ್ರಾಂ ತೂಕ, ಬಾಗಿದ ಸಣ್ಣ ಕೊಕ್ಕು. ಒಂದು ಬಗೆಯದು ಹಳದಿ ಹೊಟ್ಟೆಯದು. ಇನ್ನೊಂದರ ಗಂಡು ಮರಿಮಾಡುವ ಕಾಲದಲ್ಲಿ ನೀಲಿ ಮಿಶ್ರಿತ ಕಪ್ಪಾಗಿ ಬಿಸಿಲಿಗೆ ಹೊಳೆಯುತ್ತದೆ. ಹೆಚ್ಚಾಗಿ ಇದು ರೆಂಬೆಯ ಮೇಲೆ ಕುಳಿತೇ ಮಕರಂದವನ್ನು ಹೀರುತ್ತದೆ. ಪಕ್ಷಿಶಾಸ್ತ್ರ ಬಲ್ಲವರು ಹೇಳುವಂತೆ ಈ ಎರಡು ಹಕ್ಕಿಗಳೂ ಹತ್ತಿರದ ಬಂಧುಗಳಲ್ಲ. ಹೂವಿನ ಮಕರಂದವನ್ನೇ ನಂಬಿ ತಲತಲಾಂತರ ಬದುಕಿದ ಕಾರಣ ಎರಡಕ್ಕೂ ಅಂಥ ಕೊಕ್ಕು, ಅಂಥ ನಾಲಗೆ, ಅಂಥ ಹೊಳಪು ಬಂದಿವೆ. ನೋಡಿರಿ, ಕುಲ ಬೇರೆ, ಕಾಯಕ ಒಂದು; ರೂಪವನ್ನು ಕೊಟ್ಟದ್ದು ಕಾಯಕ!

ಈಗ ನಮ್ಮದೇ ಒಂದು ತಪ್ಪನ್ನು ನಿಮ್ಮ ಮುಂದೆ ಹೇಳಬೇಕು.

ಕಳೆದ ಶ್ರಾವಣದಲ್ಲಿ ಇಂದಿರಾನಗರದ ಭಕ್ತರ ಮನೆಯಲ್ಲಿ ಕೆಲವು ದಿನ ನಮ್ಮ ವಾಸ್ತವ್ಯವಿತ್ತು. ಆ ಮನೆಯ ಕಾಂಪೌಂಡಿನ ಒಳಗೆ ದೊಡ್ಡದೊಂದು ಕೆಂಪು ದಾಸವಾಳದ ಗಿಡ. ಮನೆಯ ತಾಯಿ ಪ್ರತಿದಿನ ನಸುಕಿನಲ್ಲೇ ಎದ್ದು, ಅರಳುವ ಮೊಗ್ಗುಗಳನ್ನೆಲ್ಲ ಬಿಡಿಸಿ, ಬುಟ್ಟಿ ತುಂಬ ನಮ್ಮ ಪೂಜೆಗೆ ತಂದಿಡುತ್ತಿದ್ದರು. ನಮಗೂ ಸಂತೋಷವೇ. ಸಂಸ್ಕೃತ ಪಾಠಶಾಲೆಯಲ್ಲಿ ನಾವು ಕಲಿತದ್ದೂ ಹಾಗೆಯೇ: ತುಂಬಿ ಮುಟ್ಟುವ ಮೊದಲೇ ಹೂವು ಬಿಡಿಸಬೇಕು, ಇಲ್ಲವಾದರೆ ಅದು ಎಂಜಲು.

ಮೂರನೆಯ ದಿನ ಪೂಜೆ ಮುಗಿಸಿ ನಾವು ಜಗಲಿಗೆ ಬಂದಾಗ ಆ ಮನೆಯ ಮೊಮ್ಮಗಳು, ಏಳೆಂಟು ವರ್ಷದ ಮಗು, ಗಿಡದ ಕಡೆಗೇ ನೋಡುತ್ತಾ ಕುಳಿತಿದ್ದಳು. ಒಂದು ಸೂರಕ್ಕಿ ಬಂತು. ಈ ರೆಂಬೆಗೆ ಹಾರಿತು, ಆ ರೆಂಬೆಗೆ ಹಾರಿತು, ಒಂದೊಂದು ಬರಿ ತೊಟ್ಟನ್ನೂ ನೋಡಿತು, ಹೊರಟುಹೋಯಿತು. ಮಗು ನಮ್ಮ ಕಡೆಗೆ ತಿರುಗಿ, "ಬುದ್ಧೀ, ನಿಮ್ಮ ದೇವರಿಗೆ ಎಲ್ಲಾ ಹೂವೂ ಬೇಕೇ?" ಎಂದು ಕೇಳಿತು.

ನಮ್ಮಲ್ಲಿ ಉತ್ತರವಿರಲಿಲ್ಲ. ಮೊದಲು ಸ್ವಲ್ಪ ಕೋಪವೂ ಬಂತು, ಮುಚ್ಚಿಡುವುದೇಕೆ? ಆಮೇಲೆ ಯೋಚಿಸಿದೆವು. ಲಿಂಗಕ್ಕೆ ಒಂದು ಹೂವು ಸಾಕು, ಒಂದು ಪತ್ರೆ ಸಾಕು. ಉಳಿದದ್ದೆಲ್ಲ ಯಾರಿಗೆ? ನಮ್ಮ ಬುಟ್ಟಿಯ ಅಂದಕ್ಕೆ. ಹೂವು ತುಂಬಿಯ ಎಂಜಲಲ್ಲವೇ ಎಂಬ ಪ್ರಶ್ನೆಯನ್ನು ಶರಣರು ಹಿಂದೆಯೇ ಎತ್ತಿದ್ದಾರೆ. ಹೊರಗಿನ ಮಡಿಯ ಅಹಂಕಾರವನ್ನು ಮುರಿಯಲೆಂದೇ ಎತ್ತಿದ್ದಾರೆ. ಹಸಿದ ಜೀವ ಉಂಡುಬಿಟ್ಟ ಹೂವು ಮೈಲಿಗೆಯಾಗುವುದು ಹೇಗೆ? ಮರುದಿನದಿಂದ ಆ ತಾಯಿ ಬೆಳಿಗ್ಗೆ ನಾಲ್ಕೇ ಹೂವು ತಂದರು. ದಾಸವಾಳದ ಆಯುಷ್ಯ ಒಂದೇ ದಿನ. ಹಕ್ಕಿ ಹೀರಿಹೋದ ಹೂವನ್ನು ಸಂಜೆಯ ಪೂಜೆಗೆ ಬಿಡಿಸಿದರು. ಪೂಜೆಗೂ ಕೊರತೆಯಾಗಲಿಲ್ಲ, ಹಕ್ಕಿಗೂ ಕೊರತೆಯಾಗಲಿಲ್ಲ.

ಇನ್ನು ತೋಟದ ಮಾತು. ಹಲಸೂರು, ಶಿವಾಜಿನಗರದ ಗಲ್ಲಿಗಳಲ್ಲಿ ಅಂಗಳವೆಲ್ಲಿದೆ ಎನ್ನುತ್ತೀರಿ. ಮಹಡಿಯ ಮೇಲೆ ಬಿಸಿಲು ಬೀಳುವ ಕಡೆ ನಾಲ್ಕು ಕುಂಡ ಇಡಿ. ಒಂದೇ ಸುತ್ತಿನ ಎಸಳಿನ ದಾಸವಾಳವನ್ನು ನೆಡಿ. ಸುತ್ತು ಹೆಚ್ಚಾದ ಹೂವಿನಲ್ಲಿ ಮಕರಂದಕ್ಕೆ ದಾರಿ ಸಿಗುವುದು ಕಷ್ಟ. ಕೇಪಳ ನೆಡಿ, ರತ್ನಗಂಧಿ ನೆಡಿ. ಕೆ.ಆರ್. ಪುರದ ಕಡೆ ಸ್ವಲ್ಪ ನೆಲವಿದ್ದವರು ಬಾಳೆ, ನುಗ್ಗೆ, ಆಡುಸೋಗೆ ಹಾಕಿ. ನಿಮಗೆ ಪಲ್ಯ, ಔಷಧಿ, ಹಕ್ಕಿಗೆ ಊಟ. ಜಾಗ ದೊಡ್ಡದಿದ್ದರೆ ಮುತ್ತುಗ, ಬೂರುಗ, ಹಾಲುವಾಣ. ಇವು ಎಲೆ ಉದುರಿಸಿ ಬೇಸಿಗೆಯ ಬಾಗಿಲಲ್ಲಿ ಕೆಂಪಾಗಿ ಹೂ ಬಿಡುವ ಮರಗಳು. 1908ರಲ್ಲಿ ಬೆಂಗಳೂರಿಗೆ ಬಂದ ಜರ್ಮನಿಯ ಕ್ರುಂಬಿಗಲ್ ಅವರು, ಒಂದು ಮರದ ಹೂವು ಮುಗಿಯುವಷ್ಟರಲ್ಲಿ ಇನ್ನೊಂದು ಅರಳುವಂತೆ ಈ ನಗರದಲ್ಲಿ ಮರಗಳನ್ನು ಯೋಜಿಸಿದರು. ನಿಮ್ಮ ನಾಲ್ಕು ಕುಂಡಗಳಿಗೂ ಅದೇ ಸೂತ್ರ.

ಕೀಟನಾಶಕ ಸಿಂಪಡಿಸಬೇಡಿ. ಸೂರಕ್ಕಿ ತಾನು ಮಕರಂದ ಕುಡಿದರೂ ಮರಿಗಳಿಗೆ ತರುವುದು ಹುಳು, ಜೇಡಗಳನ್ನು. ದಾಸವಾಳಕ್ಕೆ ಬಿಳಿ ಹಿಟ್ಟಿನಂಥ ತಿಗಣೆ ಹತ್ತಿದರೆ ನೀರು ರಭಸವಾಗಿ ಹೊಡೆದು ತೊಳೆಯಿರಿ. ಹೊರಗೋಡೆಯ ಮೂಲೆಯಲ್ಲಿ ಜೇಡರ ಬಲೆ ಸ್ವಲ್ಪ ಉಳಿದರೂ ಚಿಂತೆಯಿಲ್ಲ. ಅದೇ ನೂಲಿನಿಂದ ನಾರು, ತೊಗಟೆಯ ಚೂರುಗಳನ್ನು ಹೆಣೆದು ಹೆಣ್ಣು ಹಕ್ಕಿ ಚೀಲದಂಥ ಗೂಡನ್ನು ತೂಗಿಬಿಡುತ್ತದೆ. ಬಾಗಿಲ ಮೇಲೆ ಪುಟ್ಟ ಸೂರನ್ನೂ ಇಳಿಸುತ್ತದೆ. ಸಾಮಾನ್ಯವಾಗಿ ಎರಡು ಮೊಟ್ಟೆ. ಬಟ್ಟೆ ಒಣಗಿಸುವ ತಂತಿಗೆ ಗೂಡು ಕಟ್ಟಿದರೆ ಕಿತ್ತೆಸೆಯಬೇಡಿ. ಒಂದೂವರೆ ತಿಂಗಳು ಬಟ್ಟೆಯನ್ನು ಬೇರೆ ಕಡೆ ಹಾಕಿರಿ.

ಈ ಮಾತು ಈಗ ಏಕೆ ಬೇಕು? 1809ರ ದಂಡಿನ ಪ್ರದೇಶದಲ್ಲಿ ಬಂಗಲೆಗಳಿಗೆಲ್ಲ ತೋಟವಿತ್ತು. ಇಂದಿರಾನಗರದ ಮನೆಗಳಿಗೂ ಮೊದಲು ಕೈತೋಟಗಳಿದ್ದವು. ತೋಟಗಳ ಜಾಗಕ್ಕೆ ಅಂಗಡಿ, ಅಪಾರ್ಟ್‌ಮೆಂಟುಗಳು ಬಂದವು. ಮೆಟ್ರೋಗಾಗಿ ಸಿ.ಎಂ.ಎಚ್. ರಸ್ತೆಯ ಮರಗಳು ಹೋದವು. 2011ರ ಅಕ್ಟೋಬರ್ 20ರಂದು ರೈಲು ಓಡಿತು. ರೈಲನ್ನು ನಾವು ದೂರುವುದಿಲ್ಲ, ಅದರಲ್ಲಿ ನಾವೂ ಕುಳಿತಿದ್ದೇವೆ. ಕುಳಿತವರಿಗೆ ಋಣವುಂಟು ಎಂದಷ್ಟೇ ಹೇಳುತ್ತೇವೆ.

ಹಾಗಾದರೆ ಬಾಟಲಿಯ ಸಕ್ಕರೆ ನೀರು ಸಾಲದೇ? ನಮ್ಮ ಬಿಸಿಲಿಗೆ ಅದು ಬೇಗ ಹುಳಿಯುತ್ತದೆ, ದಿನವೂ ತೊಳೆಯದಿದ್ದರೆ ಹಕ್ಕಿಗೆ ರೋಗ. ಅದಕ್ಕಿಂತ ದೊಡ್ಡ ಮಾತು ಇನ್ನೊಂದಿದೆ. ಬಾಟಲಿ ಕಟ್ಟಿದವನು 'ನಾನು ಕೊಟ್ಟೆ' ಎಂದುಕೊಳ್ಳುತ್ತಾನೆ. ಅದು ದಾನ. ಗಿಡ ನೆಟ್ಟವನು ಊರಿಗೆ ಹೋಗಿದ್ದರೂ ಹೂವು ಅರಳುತ್ತದೆ, ಹಕ್ಕಿ ಉಣ್ಣುತ್ತದೆ, ಕೊಟ್ಟವನಾರು ಎಂದು ಯಾರಿಗೂ ತಿಳಿಯದು. ಅದು ದಾಸೋಹ. ಉಂಡ ಹಕ್ಕಿಯೂ ಸುಮ್ಮನೆ ಹೋಗುವುದಿಲ್ಲ. ಪರಾಗವನ್ನು ಹೊತ್ತು ಇನ್ನೊಂದು ಹೂವಿಗೆ ಮುಟ್ಟಿಸುತ್ತದೆ. ಗಿಡ ಸ್ಥಾವರ, ಹಕ್ಕಿ ಜಂಗಮ, ಒಂದಕ್ಕೊಂದು ಆಸರೆ.

ನಾಳೆ ಬೆಳಿಗ್ಗೆ ಬುಟ್ಟಿ ಹಿಡಿದು ಗಿಡದ ಬಳಿ ಹೋದಾಗ ಆ ಮಗುವಿನ ಪ್ರಶ್ನೆಯನ್ನು ನೆನೆಯಿರಿ. ಕೈ ತಾನಾಗಿಯೇ ನಾಲ್ಕು ಹೂವಿಗೆ ನಿಲ್ಲಲಿ.