ಎರಡು ರಕ್ತಪರೀಕ್ಷೆಗಳು, ಎರಡು ಪ್ರಶ್ನೆಗಳು



ದುಬೈ, ಅಬುಧಾಬಿಯ ಆಸ್ಪತ್ರೆಗಳಲ್ಲಿ ಮಂಗಳೂರು, ಉಡುಪಿ, ಕಾಸರಗೋಡು ಕಡೆಯ ಅನೇಕ ದಾದಿಯರೂ ಪ್ರಯೋಗಾಲಯದ ತಂತ್ರಜ್ಞರೂ ದುಡಿಯುತ್ತಿದ್ದಾರೆ. ರೋಗಿಗಳ ರಕ್ತದೊಡನೆ ನಿತ್ಯ ವ್ಯವಹರಿಸುವ ಇವರಿಗೆ ಹೆಪಟೈಟಿಸ್ ಬಿ ವೃತ್ತಿಯ ಜೊತೆಗೇ ಬರುವ ಅಪಾಯ. ಲಸಿಕೆ ಪಡೆಯದವರಿಗೆ ಸೋಂಕಿತರ ಸೂಜಿ ಚುಚ್ಚಿದರೆ ಈ ವೈರಾಣು ತಗಲುವ ಸಾಧ್ಯತೆ ಶೇಕಡಾ 6ರಿಂದ 30. ಎಚ್‌ಐವಿಯ ವಿಷಯದಲ್ಲಿ ಅದು ಶೇಕಡಾ 0.3ರಷ್ಟು ಮಾತ್ರ.

ಇದಕ್ಕೆ ಒಳ್ಳೆಯ ಲಸಿಕೆಯಿದೆ. ಎಮಿರೇಟ್ಸ್ ತನ್ನ ಶಿಶುಗಳಿಗೆ ಇದನ್ನು 1991ರಿಂದಲೇ ನೀಡುತ್ತಿದೆ. ಭಾರತದಲ್ಲಿ 2002ರಲ್ಲಿ ಪ್ರಾಯೋಗಿಕವಾಗಿ ಆರಂಭವಾದ ಈ ಕಾರ್ಯಕ್ರಮ ಇಡೀ ದೇಶಕ್ಕೆ ವಿಸ್ತರಿಸಿದ್ದು 2011ರ ನಂತರ. ಹಾಗಾಗಿ ಇಂದು ಕೆಲಸದಲ್ಲಿರುವ ಭಾರತೀಯ ದಾದಿಯರಲ್ಲಿ ಹೆಚ್ಚಿನವರು ಲಸಿಕೆ ಪಡೆದಿರುವುದು ಪ್ರಾಯಕ್ಕೆ ಬಂದ ಮೇಲೆಯೇ.

ಮೂರು ಚುಚ್ಚುಮದ್ದು ಪಡೆದ ಮಾತ್ರಕ್ಕೆ ರಕ್ಷಣೆ ದೊರೆಯಿತೆಂದಲ್ಲ. ಆರೋಗ್ಯವಂತ ವಯಸ್ಕರಲ್ಲೂ ನೂರಕ್ಕೆ ಐದರಿಂದ ಹತ್ತು ಮಂದಿಯ ದೇಹ ಸಾಕಷ್ಟು ಪ್ರತಿಕಾಯಗಳನ್ನು ಉತ್ಪಾದಿಸುವುದಿಲ್ಲ. ನಲವತ್ತು ದಾಟಿದವರಲ್ಲಿ, ಬೊಜ್ಜು ಅಥವಾ ಧೂಮಪಾನದ ಅಭ್ಯಾಸವಿರುವವರಲ್ಲಿ ಸ್ಪಂದನ ಇನ್ನೂ ಕುಂದುತ್ತದೆ. ತೋಳಿನ ಬದಲು ಪೃಷ್ಠಕ್ಕೆ ಚುಚ್ಚಿದರೂ ಹೀಗಾಗುತ್ತದೆ. ಕೊನೆಯ ಚುಚ್ಚುಮದ್ದಿನ ಒಂದೆರಡು ತಿಂಗಳಲ್ಲಿ ರಕ್ತದ ಪ್ರತಿ ಮಿಲಿಲೀಟರಿಗೆ ಕನಿಷ್ಠ 10 ಮಿಲಿ ಅಂತರರಾಷ್ಟ್ರೀಯ ಘಟಕದಷ್ಟು ಪ್ರತಿಕಾಯವಿರಬೇಕು. ಕೆಲವು ವರ್ಷಗಳ ಬಳಿಕ ಪ್ರಮಾಣ ಇಳಿದರೂ ದೇಹದ ನೆನಪು ಉಳಿದಿರುತ್ತದೆ. ಆದ್ದರಿಂದ ಸಕಾಲದ ಪರೀಕ್ಷೆಯೇ ನಂಬಲರ್ಹ. ಸ್ಪಂದನ ಕಾಣದವರಿಗೆ ಮತ್ತೆ ಮೂರು ಚುಚ್ಚುಮದ್ದು ಕೊಟ್ಟರೆ ಹಲವರಲ್ಲಿ ರಕ್ಷಣೆ ಮೂಡುತ್ತದೆ. ಆಗಲೂ ಮೂಡದವರು ಅದನ್ನು ಮುಂಚಿತವಾಗಿ ತಿಳಿದಿರಬೇಕು. ಸೂಜಿ ಚುಚ್ಚಿದಾಗ ಸಾಧ್ಯವಾದರೆ 24 ಗಂಟೆಯೊಳಗೆ ಇಮ್ಯುನೋಗ್ಲಾಬ್ಯುಲಿನ್ ಪಡೆಯುವುದೇ ಅವರಿಗಿರುವ ಆಸರೆ.

ಈಗ ಇನ್ನೊಂದು ಪರೀಕ್ಷೆಯತ್ತ ನೋಡೋಣ. ಎಮಿರೇಟ್ಸ್‌ನಲ್ಲಿ ಮನೆಗೆಲಸದವರು, ಶಿಶುವಿಹಾರದ ಸಿಬ್ಬಂದಿ, ಕ್ಷೌರಾಲಯದ ಕೆಲಸಗಾರರು ಮುಂತಾದವರಿಗೆ ವೀಸಾಕ್ಕಾಗಿ ಹೆಪಟೈಟಿಸ್ ಬಿ ಪರೀಕ್ಷೆ ಕಡ್ಡಾಯ. ಅದು ಕೇಳುವ ಪ್ರಶ್ನೆ: ಈ ವ್ಯಕ್ತಿಯಿಂದ ಇತರರಿಗೆ ಅಪಾಯವಿದೆಯೇ? ಪ್ರತಿಕಾಯದ ಪರೀಕ್ಷೆ ಕೇಳುವುದು ಬೇರೆ: ಈ ವ್ಯಕ್ತಿಗೆ ರಕ್ಷಣೆ ಇದೆಯೇ? ಮೊದಲನೆಯದರ ಫಲಿತಾಂಶದ ಮೇಲೆ ಕೆಲಸಗಾರರ ಬದುಕೇ ನಿಂತಿರುತ್ತದೆ; ಅದನ್ನು ಮರೆಯಲು ಯಾರಿಗೂ ಸಾಧ್ಯವಿಲ್ಲ. ಎರಡನೆಯದು ಮರೆತುಹೋದರೆ ಸೂಜಿ ಚುಚ್ಚುವ ದಿನದವರೆಗೂ ಯಾರಿಗೂ ತಿಳಿಯುವುದಿಲ್ಲ.

ಈ ಎರಡನೆಯ ಪ್ರಶ್ನೆಯನ್ನು ದಾದಿಯರಿಗಷ್ಟೇ ಕೇಳಿದರೆ ಸಾಲದು. ಕಸದ ಚೀಲಕ್ಕೆ ತಪ್ಪಾಗಿ ಬಿದ್ದ ಸೂಜಿ ಚುಚ್ಚುವುದು ಅದನ್ನು ಎತ್ತುವವರ ಕೈಗೆ. ಹಾಸಿಗೆಬಟ್ಟೆಯಲ್ಲಿ ಉಳಿದದ್ದು ಚುಚ್ಚುವುದು ಒಗೆಯುವವರ ಕೈಗೆ. ಒಣಗಿದ ರಕ್ತದಲ್ಲಿಯೂ ಈ ವೈರಾಣು ಏಳು ದಿನ ಜೀವಂತವಾಗಿರಬಲ್ಲದು. ಗುತ್ತಿಗೆದಾರರ ಮೂಲಕ ಬಂದವರೆಂಬ ಕಾರಣಕ್ಕೆ ಆಸ್ಪತ್ರೆಯ ಲಸಿಕೆಪಟ್ಟಿಯಿಂದ ಇವರು ಹೊರಗುಳಿಯಬಾರದು.

ಪ್ರತಿಯೊಬ್ಬ ಆಸ್ಪತ್ರೆ ಕೆಲಸಗಾರರ ಕೈಯಲ್ಲೂ ಒಂದು ಕಾಗದವಿರಲಿ: ಮೂರು ಚುಚ್ಚುಮದ್ದಿನ ದಿನಾಂಕಗಳು, ಪ್ರತಿಕಾಯದ ಅಳತೆ. ದುಬೈ ಬಿಟ್ಟು ಅಬುಧಾಬಿಗೆ ಹೋದರೂ, ಊರಿಗೇ ಮರಳಿದರೂ ಅದು ಅವರೊಡನೆ ಬರಲಿ. ಆ ಕಾಗದವನ್ನು ಕೇಳಿ ಪಡೆಯುವುದು ಕೆಲಸಗಾರರ ಹಕ್ಕೆಂದು ಇಲ್ಲಿನ ಕನ್ನಡ ಸಂಘಗಳು ತಮ್ಮವರಿಗೆಲ್ಲ ತಿಳಿಸಿಹೇಳಬೇಕು.