ಕಟ್ಟಡದೊಳಗಿನ ವಿದ್ಯುತ್ ಉಪಕರಣಗಳು ಮತ್ತು ಭೂಕಂಪ
(ಗ್ರಾಮ ಪಂಚಾಯತಿಗಳ ತರಬೇತಿಯಲ್ಲಿ ನೀಡಿದ ಉಪನ್ಯಾಸದ ಪಠ್ಯ)



2021ರ ಅಕ್ಟೋಬರಿನಲ್ಲಿ ಚಿಂಚೋಳಿ ತಾಲ್ಲೂಕಿನ ಗಡಿಕೇಶ್ವರದಲ್ಲಿ ಭೂಮಿ ಪದೇ ಪದೇ ಕಂಪಿಸಿದಾಗ ಗ್ರಾಮಸ್ಥರು ರಾತ್ರಿಗಳನ್ನು ಮನೆಯ ಹೊರಗೆ ಕಳೆದರು. ಇಂಥ ಸಂದರ್ಭದಲ್ಲಿ ಗೋಡೆ ಬಿರುಕು ಬಿಟ್ಟಿದೆಯೇ ಎಂದು ಎಲ್ಲರೂ ನೋಡುತ್ತಾರೆ; ಗೋಡೆಯ ಪಕ್ಕದ ಬ್ಯಾಟರಿ ಸ್ಟ್ಯಾಂಡನ್ನು ನೋಡುವವರು ವಿರಳ. ಕಟ್ಟಡವನ್ನು ಬೀಳಿಸಲಾರದ ಕಂಪನವೂ ಆ ಸ್ಟ್ಯಾಂಡನ್ನು ಉರುಳಿಸಬಲ್ಲುದು. ಆಗ ಹೆರಿಗೆ ಕೊಠಡಿಯ ದೀಪವೂ ಲಸಿಕೆಯ ಶೀತಕವೂ ಒಮ್ಮೆಗೇ ನಿಲ್ಲುತ್ತವೆ.

2016ರ ಐಎಸ್ 1893 ಸಂಹಿತೆಯಲ್ಲಿ ವಿಜಯಪುರ, ಬೆಳಗಾವಿ, ಧಾರವಾಡ, ಕಾರವಾರ, ಮಂಗಳೂರುಗಳು ಮೂರನೆಯ ವಲಯದಲ್ಲಿವೆ, ಕಲಬುರಗಿ ಎರಡನೆಯದರಲ್ಲಿದೆ. ಆದರೆ ವಲಯದ ಸಂಖ್ಯೆಯನ್ನೇ ನಂಬಿ ಕೂರುವುದು ಸಲ್ಲದು. 1993ರ ಸೆಪ್ಟೆಂಬರ್ 30ರಂದು ನಾಶವಾದ, ನಮ್ಮ ಗಡಿಯಾಚೆಯ ಕಿಲ್ಲಾರಿಯು ಅಂದಿನ ನಕ್ಷೆಯಲ್ಲಿ ಅತಿ ಕಡಿಮೆ ಅಪಾಯದ ವಲಯದಲ್ಲಿತ್ತು. 2001ರ ಭುಜ್ ಭೂಕಂಪದಲ್ಲಿ ತಳಕ್ಕೆ ಬಿಗಿಯದೆ ಹಳಿಗಳ ಮೇಲೆ ನಿಲ್ಲಿಸಿದ್ದ ಟ್ರಾನ್ಸ್‌ಫಾರ್ಮರುಗಳು ಜಾರಿ ಕೆಳಗಿಳಿದವು. ಅಷ್ಟು ಭಾರದ ವಸ್ತು ತನ್ನ ಭಾರದಿಂದಲೇ ನಿಲ್ಲುವುದೆಂಬ ಭಾವನೆ ಅಲ್ಲಿ ಸುಳ್ಳಾಯಿತು.

ಲೆಕ್ಕ ಸರಳವಾಗಿದೆ. 120 ಸೆಂ.ಮೀ. ಎತ್ತರ, 30 ಸೆಂ.ಮೀ. ಅಗಲದ ಸ್ಟ್ಯಾಂಡಿನಲ್ಲಿ ತಲಾ ಸುಮಾರು 60 ಕೆ.ಜಿ.ಯ ನಾಲ್ಕು ಬ್ಯಾಟರಿಗಳಿವೆಯೆನ್ನೋಣ. ಭಾರದ ನಾಲ್ಕನೆಯ ಒಂದು ಪಾಲು, ಎಂದರೆ 60 ಕೆ.ಜಿ.ಯಷ್ಟು ಬಲ ಅರ್ಧ ಎತ್ತರದಲ್ಲಿ ಅಡ್ಡಲಾಗಿ ಬಿದ್ದರೆ ಅದು ಒಂದು ಅಂಚಿನ ಮೇಲೆ ಏಳತೊಡಗುತ್ತದೆ. ಮೂರನೆಯ ವಲಯದ ಗುಣಾಂಕ 0.16 ಮಾತ್ರವಲ್ಲವೇ ಎಂದು ಕೇಳಬಹುದು. ಅದು ನೆಲದ ಮಟ್ಟದ್ದು. ಮೇಲಂತಸ್ತಿನಲ್ಲಿ ಅಲುಗಾಟ ಹಿಗ್ಗುತ್ತದೆ. ಆ ಅಂತರ ಅಲ್ಲಿಯೇ ಕರಗಿಹೋಗುತ್ತದೆ.

ಬಿಗಿಯುವಾಗಲೂ ತಪ್ಪುಗಳಾಗುತ್ತವೆ. ಟೈಲ್ಸಿಗೂ ಅದರಡಿಯ ಗಾರೆಗೂ ಮಾತ್ರ ಹೊಕ್ಕ ಬೋಲ್ಟು ಏನನ್ನೂ ಹಿಡಿಯದು. ಅದು ಗಟ್ಟಿ ಕಾಂಕ್ರೀಟಿಗೆ ಇಳಿಯಬೇಕು. ಹಾಲೋ ಬ್ಲಾಕ್ ಗೋಡೆಯಲ್ಲಿ ಹಿಗ್ಗುವ ಬೋಲ್ಟು ಬ್ಲಾಕನ್ನೇ ಒಡೆಯುತ್ತದೆ. ಅಲ್ಲಿ ಆರುಪಾರು ಬೋಲ್ಟು ಹಾಕಿ ಹಿಂಬದಿಗೆ ಉಕ್ಕಿನ ಪಟ್ಟಿ ಕೊಡುವುದು ಲೇಸು. ಮಣ್ಣುಗಾರೆಯ ಕಲ್ಲುಗೋಡೆಯನ್ನಂತೂ ನೆಚ್ಚುವಂತಿಲ್ಲ. ಬ್ಯಾಟರಿಗಳು ಸ್ಟ್ಯಾಂಡಿನಿಂದ ಜಾರದಂತೆ ಮುಂದೆ ಅಡ್ಡಪಟ್ಟಿ ಇರಬೇಕು. ಕೇಬಲ್ಲಿಗೆ ಸ್ವಲ್ಪ ಸಡಿಲು ಬಿಡದಿದ್ದರೆ ಉಪಕರಣ ನಿಂತರೂ ತಂತಿ ಕಿತ್ತುಬರುತ್ತದೆ. ಚಕ್ರವಿರುವ ಇನ್ವರ್ಟರ್ ಟ್ರಾಲಿ ನೆಲ ಗುಡಿಸಲು ಅನುಕೂಲ, ಅಷ್ಟೇ.

ಇದಕ್ಕೆ ತಗಲುವ ವೆಚ್ಚ ಒಂದು ಬ್ಯಾಟರಿಯ ಬೆಲೆಗಿಂತ ಬಹಳ ಕಡಿಮೆ. ಆದರೂ ಕೆಲಸ ಆಗದಿರುವುದಕ್ಕೆ ಕಾರಣ, ಅಂದಾಜು ಪಟ್ಟಿಯಲ್ಲಿ ಬ್ಯಾಟರಿಗೆ ಒಂದು ಸಾಲಿರುತ್ತದೆ, ಬೋಲ್ಟಿಗೆ ಇರುವುದಿಲ್ಲ. ಇಲ್ಲದ್ದನ್ನು ಗುತ್ತಿಗೆದಾರರು ಮಾಡಲಿಲ್ಲವೆಂದು ದೂರಲಾಗದು. ಮುಂದಿನ ಅಂದಾಜುಗಳಲ್ಲಿ ಆ ಸಾಲನ್ನು ಸೇರಿಸತಕ್ಕದ್ದು. ಬೋಲ್ಟಿನ ವ್ಯಾಸ, ಆಳ, ಸಂಖ್ಯೆಗಳು ಅಳತೆ ಪುಸ್ತಕದಲ್ಲಿ ನಮೂದಾದ ಬಳಿಕವೇ ಬಿಲ್ಲು ಮುಂದಕ್ಕೆ ಹೋಗತಕ್ಕದ್ದು.